ವೀಸಾ 2031ರವರೆಗೆ ಇದೆ, ಆದರೂ ಹೋಗುವ ಹಾಗಿಲ್ಲವೇ?

ಪ್ರಶ್ನೆ: ಮೇಡಂ, ನನಗೆ 61 ವರ್ಷ. ಮಗಳ ಬಾಣಂತನಕ್ಕೆಂದು 2023ರ ಜೂನ್ 10ರಂದು ಡಲ್ಲಾಸ್‌ಗೆ ಹೋಗಿದ್ದೆ. ಏಳನೇ ತಿಂಗಳಿಗೇ ಹೆರಿಗೆಯಾಗಿ ಮಗು ಎರಡು ತಿಂಗಳು ಆಸ್ಪತ್ರೆಯಲ್ಲಿತ್ತು. ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೇಗೂ ವೀಸಾ 2031ರವರೆಗೆ ಇದೆಯಲ್ಲ ಎಂದು 2024ರ ಆಗಸ್ಟ್ 4ರವರೆಗೆ ಉಳಿದೆ. ಹೊರಡುವಾಗ ಯಾರೂ ಏನೂ ಕೇಳಲಿಲ್ಲ. ಬರುವ ಜನವರಿಗೆ ಎರಡನೇ ಹೆರಿಗೆ. ಡಿಸೆಂಬರ್ 9ಕ್ಕೇ ನನ್ನ ಅವಧಿ ಮುಗಿದಿತ್ತು, ಮೂರು ವರ್ಷ ಬರುವಂತಿಲ್ಲ ಎಂದು ಅಳಿಯ ಈಗ ಹೇಳುತ್ತಿದ್ದಾರೆ. ಹೊಸ ಪಾಸ್‌ಪೋರ್ಟ್ ಮಾಡಿಸಿ, ಹಿಂದೆ ಹೋಗೇ ಇಲ್ಲ ಎಂದು ಬರೆದರಾಯಿತು ಎನ್ನುತ್ತಾನೆ ಒಬ್ಬ ಏಜೆಂಟ್. ಏನು ಮಾಡಲಿ? ಮಗಳಿಗೂ ತೊಂದರೆ ಆಗುತ್ತದಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಅಮ್ಮಾ, ಆ ಏಜೆಂಟ್‌ಗೆ ದುಡ್ಡು ಕೊಟ್ಟಿಲ್ಲ ತಾನೇ? ಕೊಡಬೇಡಿ. ಪಾಸ್‌ಪೋರ್ಟ್ ಹೊಸದಾಗಬಹುದು, ನಿಮ್ಮ ಬೆರಳಚ್ಚು ಹಳೆಯದೇ. ವೀಸಾ ಅರ್ಜಿಯಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ತಡೆ ಮೂರು ವರ್ಷದ್ದಲ್ಲ, ಜೀವನಪೂರ್ತಿ.

ಅಳಿಯ ಹೇಳಿದ್ದು ಸರಿ. ವೀಸಾ ಎಂದರೆ ಅಮೆರಿಕದ ಬಾಗಿಲು ತಟ್ಟಲು ಅನುಮತಿ, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಏರ್‌ಪೋರ್ಟಿನ ಅಧಿಕಾರಿ. ಆ ದಾಖಲೆಯ ಹೆಸರು ಐ-94. ನನ್ನ ಮೊದಲ ಹೆರಿಗೆಗೆ ತಿಪಟೂರಿನಿಂದ ಅಮ್ಮ ನ್ಯೂಜೆರ್ಸಿಗೆ ಬಂದಾಗ ಅದು ಪಾಸ್‌ಪೋರ್ಟ್ ಒಳಗಿಡುವ ಬಿಳಿ ಚೀಟಿಯಾಗಿತ್ತು. ಅದರ ತಾರೀಖನ್ನು ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ. 2013ರಿಂದ ವಿಮಾನದಲ್ಲಿ ಬರುವವರಿಗೆ ಎಲ್ಲ ಕಂಪ್ಯೂಟರಿನಲ್ಲೇ. ಚೀಟಿ ಕಣ್ಣಿಗೆ ಬೀಳುವುದಿಲ್ಲ, ವೀಸಾ ಮೇಲಿನ ತಾರೀಖು ಬೀಳುತ್ತದೆ. ಬಾಣಂತನಕ್ಕೆ ಬಂದ ಎಷ್ಟು ಜನ ತಾಯಂದಿರು ನಿಮ್ಮ ಹಾಗೇ ಮೋಸ ಹೋಗಿದ್ದಾರೆ! ವಕೀಲಿಕೆಯಲ್ಲಿ ನನಗೆ ಜಾಸ್ತಿ ಬೇಸರ ತರುವ ಕೇಸುಗಳು ಇವೇ. ಹೊರಡುವಾಗ ಯಾರೂ ಕೇಳಲಿಲ್ಲ ಎಂದಿರಿ. ನಮ್ಮ ದೇಶದಲ್ಲಿರುವ ಹಾಗೆ ದೇಶ ಬಿಟ್ಟು ಹೊರಡುವವರಿಗೆ ಅಲ್ಲಿ ಇಮಿಗ್ರೇಷನ್ ಕೌಂಟರ್ ಇಲ್ಲ. ಆದರೆ ವಿಮಾನ ಕಂಪನಿಯಿಂದ ಪ್ರಯಾಣಿಕರ ಪಟ್ಟಿ ಸರ್ಕಾರಕ್ಕೆ ಹೋಗಿರುತ್ತದೆ.

ಈಗ ಲೆಕ್ಕ ಹಾಕೋಣ. ಡಿಸೆಂಬರ್ 10ರಿಂದ ಆಗಸ್ಟ್ 4ಕ್ಕೆ 239 ದಿನ. 1996ರ ಕಾನೂನಿನ ಪ್ರಕಾರ 180 ದಿನ ದಾಟಿ, ಒಂದು ವರ್ಷ ತುಂಬುವ ಮೊದಲು ತಾವಾಗಿ ಹೊರಟವರಿಗೆ ಮೂರು ವರ್ಷ ತಡೆ. ವರ್ಷ ತುಂಬಿದ್ದರೆ ಹತ್ತು. ಹೊರಟ ದಿನದಿಂದ ಎಣಿಕೆ, ಅಂದರೆ ನಿಮ್ಮದು 2027ರ ಆಗಸ್ಟ್‌ಗೆ ಮುಗಿಯುತ್ತದೆ. ಒಂದು ಮಾತು ಮಗಳನ್ನು ಕೇಳಿ: ಡಿಸೆಂಬರ್ 9ರ ಒಳಗೆ ಅವಧಿ ವಿಸ್ತರಣೆಗೆ ಐ-539 ಅರ್ಜಿ ಹಾಕಿದ್ದಳಾ? ಹಾಕಿದ್ದರೆ, ಅದು ಇತ್ಯರ್ಥವಾಗುವವರೆಗಿನ ದಿನಗಳನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಆಗ ಇಡೀ ಲೆಕ್ಕವೇ ಬದಲಾಗಬಹುದು.

ಹಾಕಿಲ್ಲ ಎಂದಾದರೆ, ದಯವಿಟ್ಟು ಆ 2031ರ ವೀಸಾ ಹಿಡಿದು ವಿಮಾನ ಹತ್ತಬೇಡಿ. ಅವಧಿ ಮೀರಿ ಉಳಿದಾಗಲೇ ಅದು ರದ್ದಾಗಿದೆ. ಏರ್‌ಪೋರ್ಟಿನಲ್ಲಿ ಹಿಡಿದು ಅಲ್ಲಿಂದಲೇ ಗಡೀಪಾರು ಆದೇಶ ಕೊಟ್ಟರೆ ಇನ್ನೊಂದು ತಡೆ, ಐದು ವರ್ಷ. 2025ರ ಫೆಬ್ರವರಿಯಲ್ಲಿ 104 ಜನರನ್ನು ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ್ದನ್ನು ಟಿವಿಯಲ್ಲಿ ನೋಡಿ ಹೆದರಿರುತ್ತೀರಿ. ನಿಮ್ಮದು ಆ ಸ್ಥಿತಿ ಅಲ್ಲ. ನಿಮ್ಮ ಮೇಲೆ ಗಡೀಪಾರು ಆದೇಶ ಇಲ್ಲ, ನೀವಾಗಿಯೇ ಟಿಕೆಟ್ ತೆಗೆದು ಬಂದಿದ್ದೀರಿ. ಅದನ್ನು ಹಾಗೇ ಉಳಿಸಿಕೊಳ್ಳಿ.

ಮೂರು ವರ್ಷದ ಒಳಗೇ ಹೋಗಲು ಒಂದು ದಾರಿ ಇದೆ. ಹೊಸದಾಗಿ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿ, ಹೆಚ್ಚು ದಿನ ಉಳಿದದ್ದನ್ನು ಅದರಲ್ಲೇ ಬರೆದು, ಸಂದರ್ಶನದಲ್ಲಿ ವಿನಾಯಿತಿ ಕೇಳಬೇಕು. ಅಧಿಕಾರಿ ಒಪ್ಪಿ ಶಿಫಾರಸು ಮಾಡಿದರೆ ಫೈಲು ಅಮೆರಿಕಕ್ಕೆ ಹೋಗುತ್ತದೆ. ತಪ್ಪು ಎಷ್ಟು ದೊಡ್ಡದು, ಹೋಗಬೇಕಾದ ಕಾರಣ ಏನು, ನಿಮ್ಮಿಂದ ಅಪಾಯ ಇದೆಯಾ ಎಂದು ನೋಡುತ್ತಾರೆ. ಮಗು ಐಸಿಯುನಲ್ಲಿದ್ದ ದಾಖಲೆ ಆಗ ಕೆಲಸಕ್ಕೆ ಬರುತ್ತದೆ, ಮಗಳಿಂದ ತರಿಸಿಟ್ಟುಕೊಳ್ಳಿ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಜನವರಿಯ ಹೆರಿಗೆಗೆ ಇದನ್ನು ನಂಬಿಕೊಂಡು ಕೂರಬೇಡಿ ಎಂದೇ ಹೇಳುತ್ತೇನೆ.

ಮಗಳ ಬಗ್ಗೆ ಚಿಂತೆ ಬಿಡಿ. ನೀವು ಹೆಚ್ಚು ದಿನ ಉಳಿದದ್ದು ನಿಮ್ಮ ದಾಖಲೆಯಲ್ಲಿ ಮಾತ್ರ ಇರುತ್ತದೆ, ಅವಳ ವೀಸಾಕ್ಕಾಗಲಿ ಗ್ರೀನ್ ಕಾರ್ಡಿಗಾಗಲಿ ಅಂಟುವುದಿಲ್ಲ.

ಬೀಗಿತ್ತಿಯವರಿಗೆ ವೀಸಾ ಇದೆಯಾ? ಇದ್ದರೆ ಈ ಸಲ ಅವರು ಹೋಗಲಿ. ಬಾಣಂತಿ ಪುಡಿ, ಲೇಹ್ಯ ನೀವೇ ಮಾಡಿ ಅವರ ಕೈಲಿ ಕಳಿಸಿ. ಅವರು ಇಳಿದ ದಿನವೇ ಐ-94ರ ತಾರೀಖು ತೆಗೆದು ಫ್ರಿಜ್ ಮೇಲೆ ಅಂಟಿಸಲು ಮಗಳಿಗೆ ಹೇಳಿ.