ಎತ್ತರ ಅಳೆಯದೆ ಮಗನಿಗೆ ಮಾತು ಕೊಟ್ಟಿದ್ದೆ

ಹನ್ನೊಂದು ಮತ್ತು ಆರು ವರ್ಷದ ಮಕ್ಕಳು, ಜೊತೆಗೆ ಅತ್ತೆ. ರಜೆಯಲ್ಲಿ ಸಿಗೋದು ಒಂದೇ ದಿನ. ಥೀಮ್ ಪಾರ್ಕಿನ ಎಲ್ಲಾ ರೈಡ್ ಮುಗಿಸೋದು ಹೇಗೆ, ಕ್ಯೂ ತಪ್ಪಿಸುವ ಪಾಸ್ ತಗೋಬೇಕಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿಕೊಂಡು ಹೊರಟಿದ್ದೆ. ನನ್ನ ಮಗನಿಗೂ ಆಗ ಆರೇ ವರ್ಷ.

ಹೋಗೋಕೆ ಹದಿನೈದು ದಿನ ಇರುವಾಗಲೇ ಅಲ್ಲಿನ ದೊಡ್ಡ ರೋಲರ್ ಕೋಸ್ಟರ್‌ನ ವಿಡಿಯೊ ಅವನಿಗೆ ತೋರಿಸಿದ್ದೆ. "ಇದರಲ್ಲಿ ನಾನೂ ಹೋಗ್ತೀನಾ ಅಮ್ಮಾ?" ಅಂದ. "ಹೂಂ ಪುಟ್ಟ, ಮುಂದಿನ ಸೀಟೇ ನಿಂದು" ಅಂದುಬಿಟ್ಟೆ. ಆಮೇಲೆ ಊಟಕ್ಕೆ ಸತಾಯಿಸಿದಾಗಲೆಲ್ಲ ಅದೇ ಆಸೆ ತೋರಿಸಿ ತಿನ್ನಿಸುತ್ತಿದ್ದೆ.

ಒಳಗೆ ಹೋದವರೇ ನೇರ ಅಲ್ಲಿಗೆ ನಡೆದೆವು. ಕ್ಯೂ ಶುರುವಾಗುವ ಕಡೆ ಎತ್ತರದ ಗೆರೆ ಇದ್ದ ಬೋರ್ಡ್ ಇತ್ತು. ನಾನು ನೋಡಿದೆ. ಅಮ್ಮ ಜೊತೆಗಿದ್ದರೆ ಬಿಡುತ್ತಾರೆ ಅಂದುಕೊಂಡು ಮುಂದೆ ಹೋದೆ. ಐವತ್ತು ನಿಮಿಷ ನಿಂತೆವು. ಒಂದೊಂದು ರೈಲು ತಲೆಮೇಲೆ ಹಾದುಹೋದಾಗಲೂ ಮಗ ಕಂಬಿ ಹಿಡಿದು ಕುಣಿಯುತ್ತಿದ್ದ. ಅಂಗೈಯೆಲ್ಲ ಕಬ್ಬಿಣದ ವಾಸನೆ.

ಕೊನೆಯ ಗೇಟಿನಲ್ಲಿ ಒಬ್ಬ ಹುಡುಗ ಅಳತೆಯ ಕೋಲು ತಂದು ಪಕ್ಕಕ್ಕಿಟ್ಟ. 120 ಸೆಂಟಿಮೀಟರ್‌ಗೆ ಕೆಂಪು ಗುರುತು. ಮಗನ ತಲೆಗೂ ಆ ಗುರುತಿಗೂ ನಡುವೆ ಎರಡು ಬೆರಳಿನಷ್ಟು ಜಾಗ. ನಾನು ಮೆಲ್ಲಗೆ "ಸ್ವಲ್ಪ ಎತ್ತರಕ್ಕೆ ನಿಲ್ಲೋ" ಅಂದೆ. ಅವನು ಹಿಮ್ಮಡಿ ಎತ್ತಿದ. ಮೀನಖಂಡ ಗಡಗಡ ನಡುಗುತ್ತಿತ್ತು. ಆ ಹುಡುಗ "ಪುಟ್ಟ, ಕಾಲು ಕೆಳಗಿಡು" ಅಂದ, ಬೈಯಲಿಲ್ಲ. ವಾದಕ್ಕಿಳಿದವಳು ನಾನು. ನಾನು ಹಿಡ್ಕೋತೀನಿ, ಐವತ್ತು ನಿಮಿಷ ನಿಂತಿದ್ದೀವಿ, ಹೀಗೆಲ್ಲ. "ಆಗಲ್ಲ ಮೇಡಂ" ಅಷ್ಟೇ ಅವನ ಉತ್ತರ. ಮಗಳು, ನಮ್ಮೆಜಮಾನ್ರು ಒಳಗೆ ಹೋದರು. ನಾವಿಬ್ಬರು ಅಷ್ಟೂ ಜನರನ್ನು ಸರಿಸಿಕೊಂಡು ವಾಪಸ್ ಬಂದೆವು.

ನನ್ನ ತಪ್ಪನ್ನು ಬಿಡಿಸಿ ಹೇಳಲೇಬೇಕು. ಟೋಪಿ, ಟವೆಲ್, ಇನ್ನೊಂದು ಜೊತೆ ಬಟ್ಟೆ, ಎಲ್ಲ ನೆನಪಿಟ್ಟು ತುಂಬಿದ್ದೆ. ಟೇಪು ಮನೆಯ ಡ್ರಾಯರ್‌ನಲ್ಲೇ ಇತ್ತು. ಯಾವ ರೈಡಿಗೆ ಎಷ್ಟು ಎತ್ತರ ಬೇಕು ಅನ್ನೋದು ಪಾರ್ಕಿನ ವೆಬ್‌ಸೈಟಿನಲ್ಲೇ ಇತ್ತು. ಎರಡು ನಿಮಿಷದ ಕೆಲಸ. ಹೋಗಲಿ, ಅಳೆಯಲಿಲ್ಲ. ಮಾತು ಕೊಡದೇ ಇರಬಹುದಿತ್ತು. ಕೊಟ್ಟೆ ಅಂತಿಟ್ಟುಕೊಳ್ಳಿ, ಬೋರ್ಡ್ ಹತ್ತಿರವೇ ನಿಲ್ಲಿಸಿ ನೋಡಬಹುದಿತ್ತು. ಅದೂ ಬೇಡ, ಕೊನೆಗೆ ಎತ್ತರಕ್ಕೆ ನಿಲ್ಲು ಅನ್ನದೇ ಇದ್ದಿದ್ದರೂ ಸಾಕಿತ್ತು. ಆ ಒಂದು ಮಾತಿನಿಂದ ಅವನಿಗೆ ಇದು ಪಾರ್ಕಿನ ನಿಯಮ ಅಂತ ಅನಿಸಲೇ ಇಲ್ಲ. ತನ್ನ ಕಾಲಿನದೇ ತಪ್ಪು ಅನಿಸಿಬಿಟ್ಟಿತು. ಅವನಿಗೆ ಸರಿಹೊಂದುವ ರೈಡ್ ಎಷ್ಟೋ ಇದ್ದವು. ಸಂಜೆವರೆಗೆ ಒಂದರ ಹತ್ತಿರಕ್ಕೂ ಬರಲಿಲ್ಲ. "ಅಲ್ಲೂ ಅಳೀತಾರೆ" ಅನ್ನುತ್ತಿದ್ದ.

ಆ ನಿಯಮ ಸುಮ್ನೆ ಮಾಡಿದ್ದಲ್ಲ. ಕೋಸ್ಟರ್ ಏರು ದಾಟಿ ಇಳಿಯುವಾಗ ಮೈ ಸೀಟಿನಿಂದ ಮೇಲೇಳುತ್ತದೆ. ಆಗ ತಡೆಯೋದು ತೊಡೆಯ ಮೇಲಿನ ಕಂಬಿ. ಚಿಕ್ಕ ಮೈ ಅದಕ್ಕೆ ಸರಿಯಾಗಿ ಕೂರದಿದ್ದರೆ ಜಾರಿಹೋಗಬಹುದು. ಇಳಿಜಾರಿನ ಬುಡದಲ್ಲಿ ಮೈಭಾರ ಮೂರು ಪಟ್ಟು ಆದಂತಾಗುತ್ತದೆ ಅಂದುಕೊಳ್ಳಿ, 20 ಕಿಲೋ ಮಗು ಕೈಗೆ 60 ಕಿಲೋ. ನಾನು ಹಿಡ್ಕೋತೀನಿ ಅಂದಿದ್ದೆನಲ್ಲ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಈಗ ನಿಮ್ಮ ಪ್ರಶ್ನೆ. ಎಲ್ಲಾ ರೈಡ್ ಅನ್ನುವ ಆಸೆಯನ್ನೇ ಬಿಡಿ. ಒಂದು ರೈಲಿಗೆ 24 ಸೀಟು, ಮೂರು ನಿಮಿಷಕ್ಕೊಂದು ಬಿಡುತ್ತಾರೆ ಅಂದರೆ ಗಂಟೆಗೆ 480 ಜನ. ನಿಮ್ಮ ಮುಂದೆ 320 ಜನ ಇದ್ದರೆ 40 ನಿಮಿಷ ಹೋಯಿತು. ಅಂಥ 15 ರೈಡ್‌ಗೆ ಕ್ಯೂ ಮಾತ್ರವೇ 10 ಗಂಟೆ. ರಜೆಯಲ್ಲಿ ಇದು ಆಗದ ಮಾತು. ಮನೆಯಲ್ಲೇ ಪ್ರತಿಯೊಬ್ಬರೂ ಒಂದೊಂದು ರೈಡ್ ಆರಿಸಿಕೊಳ್ಳಿ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ, ಮೊದಲ ಗಂಟೆಯಲ್ಲಿ ಕ್ಯೂ ಕಡಿಮೆ.

ಪಾಸ್ ಈಗಲೇ ತಗೋಬೇಡಿ. ದುಡ್ಡು ಕೊಟ್ಟು ಕ್ಯೂ ತಪ್ಪಿಸಬಹುದು, ಎತ್ತರ ಬರಲ್ಲ. ಮೊದಲು ಮನೆಯಲ್ಲಿ ಯಾರ್ಯಾರು ಯಾವುದಕ್ಕೆ ಹತ್ತಬಹುದು ಅಂತ ಬರೆದುಕೊಳ್ಳಿ. ಇನ್ನೊಂದು ವಿಷಯ ನನಗೆ ಆಗ ಗೊತ್ತೇ ಇರಲಿಲ್ಲ. ಎಷ್ಟೋ ಪಾರ್ಕ್‌ಗಳಲ್ಲಿ ರೈಡರ್ ಸ್ವಾಪ್ ಅಂತ ಇರುತ್ತದೆ. ಒಬ್ಬರು ಚಿಕ್ಕ ಮಗುವಿನ ಜೊತೆ ನಿಂತಿರೋದು, ಇನ್ನೊಬ್ಬರು ಹೋಗಿ ಬಂದ ಮೇಲೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಇವರು ಹೋಗೋದು. ಗೇಟಿನಲ್ಲೇ ಕೇಳಿ. ಬೆಳಿಗ್ಗೆ ಮಕ್ಕಳ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ತಪ್ಪಿಸಿಕೊಂಡರೆ ಯಾವ ಬಟ್ಟೆ ಅಂತ ಯೋಚಿಸುತ್ತ ನಿಲ್ಲಬೇಕಾಗಿಲ್ಲ.

ಮತ್ತೆ ಅತ್ತೆ. ದಯವಿಟ್ಟು ಅವರನ್ನು ಬ್ಯಾಗ್ ಕಾಯೋಕೆ ಕೂರಿಸಬೇಡಿ. ನಮ್ಮ ಅತ್ತೆ ಆ ದಿನ ನಾಲ್ಕು ಬ್ಯಾಗ್ ಇಟ್ಟುಕೊಂಡು ಒಂದೇ ಬೆಂಚಿನ ಮೇಲೆ ಮೂರು ಗಂಟೆವರೆಗೆ ಕೂತಿದ್ದರು. ಲಾಕರ್ ಇರೋದು ಅದಕ್ಕೇ ಅಲ್ವಾ?

ಮರುವರ್ಷ ಮತ್ತೆ ಹೋದೆವು. ಹೊರಡುವ ಹಿಂದಿನ ವಾರ ಅಡುಗೆಮನೆ ಬಾಗಿಲ ಹತ್ತಿರ ಮಗನನ್ನು ಚಪ್ಪಲಿ ಬಿಚ್ಚಿಸಿ ನಿಲ್ಲಿಸಿದೆ, ಪೆನ್ಸಿಲಿನಲ್ಲಿ ಗೆರೆ ಎಳೆದೆ. 121. ಅವನಿಗೆ ನಂಬಿಕೆ ಬರಲಿಲ್ಲ, ಅಪ್ಪನ ಕೈಲಿ ಇನ್ನೊಂದು ಸಲ ಅಳೆಸಿದ. ಅಲ್ಲಿ ಕೋಲಿನ ಪಕ್ಕ ಪಾದ ಒತ್ತಿ ನಿಂತ. ಕೋಸ್ಟರ್ ಇಳಿದು ಬಂದವನೇ, ಇನ್ನೊಂದು ಸಲ ಹೋಗೋಣ್ವಾ ಅಂದರೆ ಬೇಡ ಅಂದ. ಅಜ್ಜಿ ಕೈ ಹಿಡಿದು ತಿರುಗುವ ಕುದುರೆ ಕಡೆ ಕರೆದುಕೊಂಡು ಹೋದ. ಇಬ್ಬರೂ ಮೂರು ಸಲ ಕೂತರು.