ಸವೆದ ಟೈರ್ ಟ್ರ್ಯಾಕ್‌ಗೆ ಆಗುತ್ತಾ? ಬಟನ್ ಒಂದನ್ನೇ ನೋಡಬೇಡಿ

ಗುರುಗಳೇ, ನಿಮ್ಮ ಸ್ವಿಫ್ಟ್‌ಗೆ ಹೊಸ ಟೈರ್ ಬರುತ್ತಿದೆ. ಹಳೇ ನಾಲ್ಕರಲ್ಲಿ ಇನ್ನೂ 3 ಮಿಲಿಮೀಟರ್ ಬಟನ್, ಅಂದರೆ ಟೈರಿನ ಮೇಲಿನ ಗೆರೆಗಳ ಆಳ, ಉಳಿದಿದೆ. ಎಕ್ಸ್‌ಚೇಂಜ್‌ಗೆ ಕೊಡುವ ಬದಲು ಕೊಯಮತ್ತೂರಿನ ಕರಿ ಅನ್ನೋ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿ ಮುಗಿಸೋಣವಾ ಅಂತ ಕೇಳಿದ್ದೀರಿ. ಒಂದಕ್ಕೆ ಪಂಚರ್ ಸ್ಟ್ರಿಪ್ ಇದೆ, ಇನ್ನೊಂದರ ಪಕ್ಕದಲ್ಲಿ ಸಣ್ಣ ಉಬ್ಬು ಇದೆ ಅಂತಲೂ ಬರೆದಿದ್ದೀರಿ. ಮೇಲಿನ ಕಾಮೆಂಟುಗಳಲ್ಲಿ ಎಲ್ಲರೂ 3 ಮಿಲಿಮೀಟರ್ ಸಾಕಾ ಸಾಲದಾ ಅಂತಲೇ ಜಗಳ ಆಡಿದ್ದಾರೆ. ಆ ಉಬ್ಬಿನ ಬಗ್ಗೆ ಯಾರೂ ಮಾತೇ ಎತ್ತಿಲ್ಲ!

ಒಣ ಟ್ರ್ಯಾಕ್‌ನಲ್ಲಿ ಬಟನ್ ಕಡಿಮೆ ಇರುವುದು ತೊಂದರೆ ಅಲ್ಲ, ಒಂದು ರೀತಿ ಅನುಕೂಲವೇ. ಹೊಸ ಟೈರಿನಲ್ಲಿ 7-8 ಮಿಲಿಮೀಟರ್ ಇರುತ್ತದೆ. ಅಷ್ಟು ಎತ್ತರದ ರಬ್ಬರ್ ತುಂಡುಗಳು ತಿರುವಿನಲ್ಲಿ ಬಾಗಿ ಬಾಗಿ ಬಿಸಿಯಾಗುತ್ತವೆ, ಕೊನೆಗೆ ಚೂರು ಚೂರಾಗಿ ಕಿತ್ತು ಬರುತ್ತವೆ. ಅದಕ್ಕೇ ರೇಸಿನವರು ಹೊಸ ಟೈರನ್ನೂ ಹೆರೆಸಿ ಹಾಕುವುದುಂಟು. ಹಾಗಂತ ಬೋಳು ಟೈರ್ ಸ್ಲಿಕ್ (ಗೆರೆಯೇ ಇಲ್ಲದ ರೇಸ್ ಟೈರ್) ಆಗಿಬಿಡಲ್ಲ. ಸ್ಲಿಕ್‌ನ ರಬ್ಬರೇ ಬೇರೆ. ನಿಮ್ಮದು ವರ್ಷಗಟ್ಟಲೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಿಸಿಲು ಕಾಯ್ದಿರುವ ರಬ್ಬರ್.

ಹಾಗಾಗಿ ಮೊದಲು ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ, ತಯಾರಾದ ವಾರ ಮತ್ತು ವರ್ಷ ಅದರಲ್ಲಿರುತ್ತದೆ. 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ನಾನಂತೂ ಟ್ರ್ಯಾಕ್‌ಗೆ ಇಳಿಸಲ್ಲ. ಗಾಡಿಯ ಮೇಲೆ ನಾಲ್ಕೂ ಬೇರೆ ಬೇರೆ ವಯಸ್ಸಿನವಿದ್ದರೆ ಮೆತ್ತಗಿರುವ ಜೋಡಿ ಹಿಂದೆ ಇರಲಿ. ಹಿಂದಿನವು ಗಟ್ಟಿಯಾಗಿದ್ದರೆ ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿಯ ಹಿಂಭಾಗ ಹೊರಗೆ ಬರುತ್ತದೆ. ಫ್ರಂಟ್ ವೀಲ್ ಡ್ರೈವ್ ಅಲ್ವಾ, ಹಾಗಾಗಲ್ಲ ಅಂದುಕೊಳ್ಳಬೇಡಿ.

ಆಮೇಲೆ ಆ ಉಬ್ಬು. ಗುಂಡಿಗೆ ಬಿದ್ದಾಗ ರಿಮ್ ಮತ್ತು ರಸ್ತೆ ಮಧ್ಯೆ ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಸಿಕ್ಕಿಕೊಂಡು ಒಳಗಿನ ದಾರಗಳು ತುಂಡಾಗಿರುತ್ತವೆ. ಅಲ್ಲಿ ಗಾಳಿಯನ್ನು ತಡೆದಿರುವುದು ಬರೀ ರಬ್ಬರ್. ಅದು ಟ್ರ್ಯಾಕ್‌ಗೂ ಬೇಡ, ಮನೆಯಿಂದ ಆಫೀಸಿಗೂ ಬೇಡ. ಸ್ಟ್ರಿಪ್ ಹಾಕಿದ್ದನ್ನು ಊರೊಳಗೆ ಓಡಿಸುತ್ತೇವೆ, ಸರಿ. ಆದರೆ ಬಿಸಿಯಾದ ಟೈರ್ ಅಡ್ಡಕ್ಕೆ ಎಳೆದಾಡುವಾಗ ಅದನ್ನು ನಂಬುವುದು ಬೇಡ. ಟೈರಿನ ಮೇಲಿರುವ ಸ್ಪೀಡ್ ಅಕ್ಷರವನ್ನೂ ಅಲ್ಲಿಗೆ ಮರೆತುಬಿಡಿ. ಟಿ ಅಂದರೆ 190 ಕಿಲೋಮೀಟರ್ ಇರಬಹುದು, ಅದು ಏಟು ತಿನ್ನದ ಟೈರಿಗೆ ಕೊಟ್ಟ ಲೆಕ್ಕ.

ಅಲ್ಲಿಗೆ ನಿಮ್ಮ ನಾಲ್ಕರಲ್ಲಿ ಎರಡು ಔಟ್. ಉಳಿದೆರಡಕ್ಕೆ ಜೋಡಿ ಬೇಕಲ್ಲ ಅಂತ ಸೀದಾ ಜೆಸಿ ರಸ್ತೆಗೆ ಹೋಗಿ ಸೆಕೆಂಡ್ ಹ್ಯಾಂಡ್ ಟೈರ್ ತರಬೇಡಿ. ಸವೆದ ಟೈರಿಗೆ ಬಿಸಿ ಬ್ಲೇಡ್‌ನಲ್ಲಿ ಹೊಸದಾಗಿ ಗೆರೆ ಕೊರೆದು ಮಾರುವವರು ಇದ್ದಾರೆ. ಗೆರೆಯ ತಳದಲ್ಲಿ ಸವೆತ ತೋರಿಸುವ ಉಬ್ಬುಪಟ್ಟಿಯೇ ಇಲ್ಲ ಅಂದರೆ ಅನುಮಾನಪಡಿ. ಅದರ ಬದಲು ಇಲ್ಲೇ ಗುಂಪಿನಲ್ಲಿ 185/65 ಆರ್15 ಸೈಜಿನ ಟೈರ್ ಬದಲಾಯಿಸುತ್ತಿರುವವರನ್ನು ಕೇಳಿ. ಯಾರ ಗಾಡಿಯದು, ಹೇಗೆ ಓಡಿತ್ತು ಅಂತಾದರೂ ಗೊತ್ತಿರುತ್ತದೆ.

ಕರಿ ಟ್ರ್ಯಾಕ್ ಬೆಂಗಳೂರಿನಿಂದ 350 ಕಿಲೋಮೀಟರ್‌ಗಿಂತ ಜಾಸ್ತಿ. ಮುಂದಿನ ಟೈರ್‌ಗಳ ಹೊರ ಅಂಚು ಒಂದೇ ದಿನದಲ್ಲಿ ದಾರ ಕಾಣುವಷ್ಟು ಸವೆಯಬಹುದು. ಅದರ ಮೇಲೆ ರಾತ್ರಿ ಹೈವೇಯಲ್ಲಿ ವಾಪಸ್ ಬರುತ್ತೀರಾ? ಎರಡನೇ ಸೆಟ್ ಸ್ಟೀಲ್ ರಿಮ್ ಹೊಂದಿಸಿಕೊಳ್ಳಿ, ಹಳೇ ಟೈರ್ ಅದಕ್ಕೆ ಹಾಕಿಸಿ. ಹಿಂದಿನ ಸೀಟು ಮಡಚಿದರೆ ನಾಲ್ಕೂ ಹಿಡಿಸುತ್ತವೆ. ಹೊಸ ಟೈರಿನ ಮೇಲೆ ಹೋಗಿ, ಅಲ್ಲಿ ಬದಲಾಯಿಸಿ, ಮೊದಲ ಸೆಷನ್ ಆದ ಮೇಲೆ ನಟ್ ಇನ್ನೊಮ್ಮೆ ನೋಡಿ. ಅಕ್ಟೋಬರ್-ಡಿಸೆಂಬರ್‌ನಲ್ಲಿ ಹೋದರೆ ಹಿಂಗಾರು ಮಳೆ ಇರುತ್ತದೆ. ಟ್ರ್ಯಾಕ್ ಒದ್ದೆಯಾಯಿತಾ, ಸವೆದ ಟೈರ್ ಬಿಚ್ಚಿಡಿ. 1.6 ಮಿಲಿಮೀಟರ್ ಕಾನೂನಿಗೆ ಸಾಕು, ನಿಂತ ನೀರಿಗೆ ಸಾಲದು.

ಗಾಳಿ: ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಇರುವಷ್ಟರಿಂದ ಶುರು ಮಾಡಿ. ನಾಲ್ಕೈದು ಸುತ್ತಿಗೆ 6-8 ಪಿಎಸ್‌ಐ ಏರಬಹುದು. ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬಂದ ತಕ್ಷಣ ಅಳೆದು ಸ್ವಲ್ಪ ಬಿಡಿ. ಜಾಸ್ತಿ ಬಿಟ್ಟರೆ ಸೈಡ್‌ವಾಲ್ ಮಡಚಿಕೊಳ್ಳುತ್ತದೆ. ಟೈರ್ ಭುಜಕ್ಕೆ, ಅಂದರೆ ಮೇಲ್ಮೈ ಪಕ್ಕಕ್ಕೆ ತಿರುಗುವ ಅಂಚಿಗೆ, ಚಾಕ್‌ನಲ್ಲಿ ಗೆರೆ ಎಳೆದಿಟ್ಟರೆ ಎಷ್ಟು ಮಡಚಿದೆ ಅಂತ ಗೊತ್ತಾಗುತ್ತದೆ. ಹೊಸಬರಿಗೆ ಹಳೇ ಟೈರಿನ ಕಿರುಚಾಟ ಒಳ್ಳೆ ಮೇಷ್ಟ್ರು. ಜಾರುವ ಮುಂಚೆ ಹೇಳಿಯೇ ಜಾರುತ್ತದೆ. ಬ್ರೇಕ್ ಮಾತ್ರ ಸ್ವಲ್ಪ ಮೊದಲೇ ಹಿಡಿಯಿರಿ. ಅಂದಹಾಗೆ, ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯಿತು? ಟೈರಿಗಿಂತ ಮೊದಲು ಅದಕ್ಕೆ ದುಡ್ಡು ಹಾಕಿ.

ಚೆನ್ನಾಗಿರುವ ಎರಡು ಟೈರಿನ ಡೇಟ್ ಕೋಡ್ ಫೋಟೋ ಹಾಕಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಗಿನ ಅಂಚಿನದೂ ಒಂದು ತೆಗೀರಿ. ಅಲೈನ್‌ಮೆಂಟ್ ಸರಿಯಿಲ್ಲದ ಗಾಡಿಗಳಲ್ಲಿ ಅಲ್ಲೇ ಮೊದಲು ಸವೆದಿರುತ್ತದೆ.