ಸಲಿಂಗಿಗಳನ್ನು ಜೈಲಿಗೆ ಹಾಕುವ ದೇಶಕ್ಕೆ ನೆರವು ನಿಲ್ಲಿಸಿದರೆ ದಾರಿಗೆ ಬರುವುದಿಲ್ಲವೇ?

ಅಷ್ಟು ಸುಲಭವಲ್ಲ. ನೆರವು ನಿಂತರೆ ಏಟು ಬೀಳುವುದು ಕಾನೂನು ಮಾಡಿದವರಿಗಿಂತ ಜಾಸ್ತಿ ಅಲ್ಲಿನ ಬಡವರಿಗೆ. ಅವರ ಸಿಟ್ಟು ತಿರುಗುವುದು ಸಲಿಂಗಿಗಳ ಮೇಲೆ.

ಉಗಾಂಡಾವನ್ನೇ ನೋಡಿ. 2014ರಲ್ಲಿ ಅಲ್ಲಿ ಸಲಿಂಗಿಗಳ ವಿರುದ್ಧ ಕಠಿಣ ಕಾನೂನು ಬಂದಾಗ ವಿಶ್ವಬ್ಯಾಂಕ್ 9 ಕೋಟಿ ಡಾಲರ್ ಸಾಲವನ್ನು ತಡೆಹಿಡಿಯಿತು. ಆ ದುಡ್ಡು ಯಾವುದಕ್ಕೆ ಗೊತ್ತಾ? ಬಾಣಂತಿಯರ, ಹಸುಗೂಸುಗಳ ಆರೈಕೆಗೆ! ಇನ್ನು ‘ಇವರಿಂದಲೇ ಆಸ್ಪತ್ರೆ ತಪ್ಪಿತು, ಇದೆಲ್ಲ ಬಿಳಿಯರ ಕುಮ್ಮಕ್ಕು’ ಎಂದು ಹೇಳಲು ರಾಜಕಾರಣಿಗಳಿಗೆ ಎಷ್ಟು ಹೊತ್ತು ಬೇಕು? ಬ್ರಿಟನ್ 2011ರಲ್ಲಿ ಇದೇ ಥರ ನೆರವು ಕಡಿತದ ಬೆದರಿಕೆ ಹಾಕಿದಾಗ, ಅದನ್ನು ವಿರೋಧಿಸಿದವರಲ್ಲಿ ಆಫ್ರಿಕಾದ ಸಲಿಂಗಿ ಹಕ್ಕುಗಳ ಹೋರಾಟಗಾರರೇ ಇದ್ದರು.

ಹಾಗಂತ ಹೊರಗಿನವರು ಸುಮ್ನೆ ಕೂರಬೇಕಿಲ್ಲ. 2010ರಲ್ಲಿ ಆಫ್ರಿಕಾದ ಮಲಾವಿ ದೇಶದಲ್ಲಿ ಇಂಥ ಒಂದು ಜೋಡಿಗೆ 14 ವರ್ಷ ಜೈಲಾಗಿತ್ತು. ವಿಶ್ವಸಂಸ್ಥೆಯ ಆಗಿನ ಮುಖ್ಯಸ್ಥ ಬಾನ್ ಕಿ ಮೂನ್ ಆ ದೇಶದ ಅಧ್ಯಕ್ಷರನ್ನು ನೇರವಾಗಿ ಕಂಡು ಮಾತಾಡಿದರು. ಅಂದೇ ಕ್ಷಮಾದಾನ ಸಿಕ್ಕಿತು. ಆದರೆ ಕಾನೂನು ಮಾತ್ರ ಹಾಗೇ ಉಳಿಯಿತು.

ಉಗಾಂಡಾದ 2014ರ ಕಾನೂನನ್ನು ಬೀಳಿಸಿದ್ದು ಅಲ್ಲಿಯವರೇ ಹಾಕಿದ ಕೇಸು. ಸಂಸತ್ತಿನಲ್ಲಿ ಕೋರಂ, ಅಂದರೆ ಬೇಕಾದಷ್ಟು ಸದಸ್ಯರ ಹಾಜರಿ, ಇರಲಿಲ್ಲ ಎಂದು ಅಲ್ಲಿನ ಕೋರ್ಟು ಅದನ್ನು ರದ್ದು ಮಾಡಿತು. 2023ರಲ್ಲಿ ಇನ್ನೂ ಕಠಿಣವಾದ ಕಾನೂನು ಬಂತು, ನಿಜ. ಆದರೂ ವಿದೇಶಾಂಗ ನೀತಿ ಇಂಥ ಕೇಸು ನಡೆಸುವ ಅಲ್ಲಿನ ವಕೀಲರ ಬೆನ್ನಿಗೆ ನಿಲ್ಲುವುದೇ ಹೆಚ್ಚು ಉಪಯೋಗ ಅನ್ನುವುದು ನನ್ನ ಅಭಿಪ್ರಾಯ.